11 ಜನರ ಬಿಎಸ್ಸಿ ಕ್ಲಾಸಿಗೆ ಮಗಳನ್ನು ಸೇರಿಸಬಹುದಾ? ಸಣ್ಣ ಕಾಲೇಜಿನಲ್ಲಿ ಓದಿದವರು ಹೇಳಿ

ತೋಟದ ಮನೆ

ಎಲ್ಲರಿಗೂ ನಮಸ್ಕಾರ. ಮಗಳದ್ದು ಈ ಸಲ ಪಿಯುಸಿ ಸೈನ್ಸ್ ಮುಗಿಯಿತು. ಫಿಸಿಕ್ಸ್‌ನಲ್ಲಿ 96 ಬಂದಿದೆ. ಸಿಇಟಿ ಬರೆದಿದ್ದಾಳೆ, ಎಲ್ಲಾದರೂ ಒಂದು ಇಂಜಿನಿಯರಿಂಗ್ ಸೀಟು ಸಿಗುತ್ತೆ. ಆದರೆ ಅವಳಿಗೆ ಅದು ಬೇಡ. ಬಿಎಸ್ಸಿ ಮಾಡ್ತೀನಿ, ಆಮೇಲೆ ಎಂಎಸ್ಸಿ ಫಿಸಿಕ್ಸ್ ಅಂತ 9ನೇ ಕ್ಲಾಸಿನಿಂದ ಒಂದೇ ಹಠ. ಮನೆಯಲ್ಲಿ ನಾವು ಒಪ್ಪಿದ್ದೇವೆ. ದಯವಿಟ್ಟು ಇಂಜಿನಿಯರಿಂಗ್ ಮಾಡಿಸಿ ಅಂತ ಯಾರೂ ಬರೆಯಬೇಡಿ, ಆ ಮಾತು ನೆಂಟರ ಬಾಯಲ್ಲಿ ಸಾಕಷ್ಟು ಕೇಳಿ ಆಗಿದೆ.

ನಾವು ಉತ್ತರ ಕನ್ನಡದ ಘಟ್ಟದ ಮೇಲಿನವರು. ಈಗ ಎರಡು ಕಾಲೇಜು ಮುಂದಿವೆ. ಒಂದು ನಮ್ಮ ಪೇಟೆಯದ್ದು, ಅನುದಾನಿತ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಹೋದ ವರ್ಷ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ತಗೊಂಡವರು ಬರೀ 11 ಜನ. ಫೀಸು ಕಡಿಮೆ, ಬಸ್ಸಿಗೆ ಶಕ್ತಿ ಯೋಜನೆ ಇದೆ, ಊಟ ಮನೆಯ ಡಬ್ಬಿ. ಇನ್ನೊಂದು ಬೆಂಗಳೂರಿನದು. ಹೆಸರಿರುವ ಕಾಲೇಜು, ಒಂದು ಸೆಕ್ಷನ್ನಿಗೆ 70 ಮಕ್ಕಳು. ಫೀಸು, ಪಿಜಿ, ಊಟ ಎಲ್ಲ ಸೇರಿ ವರ್ಷಕ್ಕೆ 2 ಲಕ್ಷ ದಾಟುತ್ತೆ. ಅಡಿಕೆಗೆ ಕೊಳೆ ಬಂದು ಬೆಳೆ ಅರ್ಧ ಹೋಗಿದೆ. ಆದರೂ ಬೇಕೇ ಬೇಕು ಅಂದ್ರೆ ಹೊಂದಿಸುತ್ತೇವೆ. ದುಡ್ಡಿನ ಕಾರಣಕ್ಕೆ ಅವಳ ಓದು ನಿಂತ ಹಾಗೆ ಆಗಬಾರದು.

11 ಜನ ಅಂದ್ರೆ ಒಳ್ಳೆಯದೋ ಕೆಟ್ಟದ್ದೋ ಅನ್ನೋದೇ ನನಗೆ ಗೊತ್ತಾಗುತ್ತಿಲ್ಲ. ಒಬ್ಬೊಬ್ಬರನ್ನೂ ಗಮನಿಸ್ತಾರೆ ಅಂತ ಕೆಲವರು. ಯಾರೂ ಸೇರದ ಕಾಲೇಜಿಗೆ ನೀವ್ಯಾಕೆ ಕಳಿಸ್ತೀರಿ ಅಂತ ಇನ್ನು ಕೆಲವರು. ನಾನು ಓದಿದ್ದು ಪಿಯುಸಿವರೆಗೆ. ಕಾಲೇಜಿಗೆ ಹೋಗಿ ಏನು ಕೇಳಬೇಕು, ಏನು ನೋಡಬೇಕು? ತಿಳಿದವರು ಹೇಳಿ.

ಮಾಳಮಡ್ಡಿ

ಅಕ್ಕಾರೆ, ನಾನು 9 ಜನರ ಕ್ಲಾಸಿನಲ್ಲಿ ಬಿಎಸ್ಸಿ ಮಾಡಿದವನು. ಹಾವೇರಿ ಜಿಲ್ಲೆಯ ಒಂದು ಸಣ್ಣ ಕಾಲೇಜು. ಈಗ ಧಾರವಾಡದಲ್ಲಿ ಪಾಠ ಮಾಡುತ್ತೇನೆ.

ಒಂದೇ ಒಂದು ವಿಷಯ ಹೇಳ್ತೀನಿ. ಸ್ಪೆಕ್ಟ್ರೋಮೀಟರ್ ಅಂತ ಒಂದು ಉಪಕರಣ ಇದೆ. ಸೋಡಿಯಂ ದೀಪದ ಹಳದಿ ಬೆಳಕು ಪ್ರಿಸಮ್ಮಿನಲ್ಲಿ ಹಾದು ಹೋಗುತ್ತೆ, ದುರ್ಬೀನಿನಲ್ಲಿ ಒಂದು ಗೆರೆ ಕಾಣುತ್ತೆ. ಪ್ರಿಸಮ್ ಇಟ್ಟ ಮೇಜನ್ನು ನಿಧಾನಕ್ಕೆ ತಿರುಗಿಸಬೇಕು. ಆ ಗೆರೆ ಒಂದು ಕಡೆಗೆ ಜರುಗುತ್ತಾ ಹೋಗುತ್ತೆ, ಒಂದು ಕಡೆ ನಿಲ್ಲುತ್ತೆ, ಆಮೇಲೆ ಮೇಜನ್ನು ಅದೇ ಕಡೆಗೆ ತಿರುಗಿಸುತ್ತಿದ್ದರೂ ಗೆರೆ ವಾಪಸ್ ಬರುತ್ತೆ. ಆ ನಿಂತ ಜಾಗ ಹಿಡಿಯುವುದೇ ಇಡೀ ಪ್ರಯೋಗ. ನನಗೆ ಮೊದಲನೇ ದಿನ ಸಿಗಲಿಲ್ಲ. ಎರಡನೇ ವಾರವೂ ಸಿಗಲಿಲ್ಲ. ನಮ್ಮ ಸರ್ ಬೈಯಲಿಲ್ಲ, ತಾವೇ ಹಿಡಿದು ತೋರಿಸಲೂ ಇಲ್ಲ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಅಟೆಂಡರ್ ಬೀಗ ಹಿಡಿದುಕೊಂಡು ಬಾಗಿಲಲ್ಲಿ ಕಾಯುತ್ತಿದ್ದ. ಆರೂವರೆಗೆ ನನಗೆ ಆ ಗೆರೆ ತಿರುಗಿದ್ದು ಕಾಣಿಸಿತು. ಇಷ್ಟು ವರ್ಷ ಆದರೂ ಆ ಸಂಜೆ ಕಣ್ಣ ಮುಂದೆ ಇದೆ.

ಎಂಎಸ್ಸಿಗೆ ಬಂದಾಗ ದೊಡ್ಡ ಕಾಲೇಜಿನಿಂದ ಬಂದ ಗೆಳೆಯರು ಸಿಕ್ಕರು. ಥಿಯರಿಯಲ್ಲಿ ನನಗಿಂತ ಎಷ್ಟೋ ಮುಂದೆ. ಆದರೆ ಒಂದು ಉಪಕರಣಕ್ಕೆ ಆರು ಜನ ನಿಂತು ಕಲಿತವರು. ಒಬ್ಬ ರೀಡಿಂಗ್ ತೆಗೀತಾನೆ, ಐದು ಜನ ಬರ್ಕೊಳ್ತಾರೆ. ಅವರಲ್ಲಿ ಒಬ್ಬನಿಗೆ ದುರ್ಬೀನು ಸರಿ ಹೊಂದಿಸೋಕೆ ನಾನೇ ತೋರಿಸಿಕೊಟ್ಟೆ.

ವಿಶ್ವವಿದ್ಯಾಲಯ ಒಂದೇ ಆದ್ದರಿಂದ ಸಿಲೆಬಸ್ಸೂ ಒಂದೇ. ಆ ವಿಷಯದಲ್ಲಿ ನಿಮ್ಮ ಪೇಟೆಯ ಕಾಲೇಜು, ಧಾರವಾಡದ ಕಾಲೇಜು ಅಂತ ಭೇದ ಇಲ್ಲ. ನನ್ನ ಮಾತು ಕೇಳಿದರೆ ಸೇರಿಸಿ.

ಮಳೆಗಾಲ

ಮೇಲಿನವರ ಅನುಭವ ಓದಿ ಖುಷಿ ಆಯ್ತು, ಆದರೆ ನನ್ನದು ಪೂರ್ತಿ ಉಲ್ಟಾ. ಹೇಳದೇ ಇದ್ದರೆ ತಪ್ಪಾಗುತ್ತೆ.

ನಾನೂ ಸಣ್ಣ ಕಾಲೇಜೇ. ಕ್ಲಾಸಿನಲ್ಲಿ 7 ಜನ, ಹುಡುಗಿ ನಾನೊಬ್ಬಳೇ. ಮೊದಲ ವರ್ಷ ಚೆನ್ನಾಗಿತ್ತು. ಎರಡನೇ ವರ್ಷ ಗಣಿತದ ಸರ್ ನಿವೃತ್ತರಾದರು. ಆ ಹುದ್ದೆ ತುಂಬಲಿಲ್ಲ. ಅತಿಥಿ ಉಪನ್ಯಾಸಕರು ಬರ್ತಾರೆ ಅಂದರು. ಸೆಮಿಸ್ಟರ್ ಶುರುವಾಗಿ ಎರಡು ತಿಂಗಳಿಗೆ ಒಬ್ಬರು ಬಂದರು, ಪಾಪ ಅವರು ಇನ್ನೊಂದು ಕಾಲೇಜಿನಲ್ಲೂ ಪಾಠ ಮಾಡಬೇಕಿತ್ತು, ಬಸ್ಸಿಂದ ಇಳಿದು ಓಡಿ ಬರ್ತಿದ್ರು, ಪಾಠ ಮುಗಿಸಿ ಓಡಿ ಹೋಗ್ತಿದ್ರು. ಅವರನ್ನು ದೂರಲ್ಲ ನಾನು. ರಾಜ್ಯದಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಹೀಗೇ ದುಡಿಯುತ್ತಿದ್ದಾರೆ, 2023ರ ಕೊನೆಯಲ್ಲಿ ಅವರು ಕೆಲಸ ಕಾಯಂ ಮಾಡಿ ಅಂತ ಮುಷ್ಕರಕ್ಕೆ ಕೂತಿದ್ದು ನೆನಪಿರಬಹುದು. ಆದರೆ ಓದುವ ಮಕ್ಕಳ ವರ್ಷ ಅಂತೂ ಹೋಗುತ್ತೆ. ನನ್ನ ಲಿನಿಯರ್ ಆಲ್ಜೀಬ್ರಾ ಅಲ್ಲೇ ಕೆಟ್ಟಿದ್ದು, ಎಂಎಸ್ಸಿ ಪ್ರವೇಶ ಪರೀಕ್ಷೆಯಲ್ಲಿ ಅದೇ ಕೈಕೊಟ್ಟಿತು.

ದೊಡ್ಡ ಕಾಲೇಜಿನಲ್ಲಿ ಒಬ್ಬರು ಹೋದರೆ ಇನ್ನು ಐದು ಜನ ಇರ್ತಾರೆ. ಸಣ್ಣ ಕಾಲೇಜಿನಲ್ಲಿ ಒಬ್ಬರು ಹೋದರೆ ಆ ವಿಷಯವೇ ಹೋಯ್ತು ಅಂತ ಲೆಕ್ಕ.

ಇನ್ನೊಂದು, ಇದನ್ನು ಅಮ್ಮಂದಿರಿಗೆ ಹೇಳಲೇಬೇಕು. 7 ಜನರ ಕ್ಲಾಸಿನಲ್ಲಿ ನಮಗೆ ಮರೆ ಅನ್ನೋದೇ ಇಲ್ಲ. ಒಬ್ಬ ಲೆಕ್ಚರರ್ ಜೊತೆ ನನಗೆ ಒಂದು ಮಾತು ಬಂತು. ಅಲ್ಲಿಂದ ಮುಂದೆ ಪ್ರಾಕ್ಟಿಕಲ್ಲೂ ಅವರೇ, ಇಂಟರ್ನಲ್ಸೂ ಅವರೇ, ಶಿಫಾರಸು ಪತ್ರ ಬರೆಯಬೇಕಾದವರೂ ಅವರೇ. ಎರಡು ವರ್ಷ ಉಸಿರು ಕಟ್ಟಿದ ಹಾಗಿತ್ತು. ಮಗಳಿಗೆ ಎಲ್ಲರ ಕಣ್ಣಲ್ಲೂ ಇರೋದು ಇಷ್ಟವಾ, ಅಥವಾ ಸ್ವಲ್ಪ ದೂರ ನಿಂತು ತನ್ನ ಪಾಡಿಗೆ ಇರೋ ಸ್ವಭಾವವಾ? ಅದನ್ನು ಅವಳನ್ನೇ ಕೇಳಿ.

ಮಾಳಮಡ್ಡಿ

ಮಳೆಗಾಲ ಅವರೇ, ನೀವು ಹೇಳಿದ್ದು ಖರೆ. ನಮ್ಮ ಸರ್ ನಾನು ಮುಗಿಸಿದ ವರ್ಷವೇ ನಿವೃತ್ತರಾದರು. ಒಂದು ವರ್ಷ ಮೊದಲು ಹೋಗಿದ್ದರೆ ನನ್ನ ಕಥೆಯೂ ಬೇರೆ ಆಗ್ತಿತ್ತು. ಇದನ್ನು ನಾನು ಮೊದಲೇ ಬರೆಯಬೇಕಿತ್ತು.

ಲ್ಯಾಬ್ ಮೇಡಂ

ನಾನು ಪದವಿ ಕಾಲೇಜಿನಲ್ಲಿ 19 ವರ್ಷದಿಂದ ಫಿಸಿಕ್ಸ್ ಹೇಳಿಕೊಡುತ್ತಿದ್ದೇನೆ. ತೋಟದ ಮನೆ ಅಕ್ಕ, ನೀವು ಪಿಯುಸಿ ಓದಿದ್ದೇನೆ ಅಂತ ಹಿಂಜರಿಯಬೇಡಿ. ನೋಡಬೇಕಾದ್ದನ್ನು ಕಣ್ಣಿದ್ದವರು ಯಾರು ಬೇಕಾದರೂ ನೋಡಬಹುದು. ಅಡ್ಮಿಷನ್ ದಿನ ಮಾತ್ರ ಹೋಗಬೇಡಿ, ಆ ದಿನ ಎಲ್ಲ ಕಾಲೇಜೂ ಚೆನ್ನಾಗೇ ಇರುತ್ತೆ.

ಮೊದಲು ಲ್ಯಾಬಿಗೆ ಹೋಗಿ, ಕೊನೇ ವರ್ಷದ ಮಕ್ಕಳ ಜರ್ನಲ್ ತೋರಿಸಿ ಅನ್ನಿ. ಮೈಸೂರು ಕಡೆ ಇದಕ್ಕೆ ರೆಕಾರ್ಡ್ ಅಂತಾರೆ. ಒಂದೇ ಪ್ರಯೋಗದ ಪುಟವನ್ನು ನಾಲ್ಕು ಮಕ್ಕಳ ಜರ್ನಲ್‌ನಲ್ಲಿ ತೆಗೆದು ಪಕ್ಕಪಕ್ಕ ಇಡಿ. ಅಂಕಿಗಳು ನಾಲ್ಕರಲ್ಲೂ ಒಂದೇ ಇದ್ದರೆ ಒಬ್ಬ ಮಾಡಿದ್ದಾನೆ, ಮೂವರು ನಕಲು ಮಾಡಿದ್ದಾರೆ. ಸ್ವಲ್ಪ ಸ್ವಲ್ಪ ಬೇರೆ ಇದ್ದು, ಅಲ್ಲಲ್ಲಿ ಹೊಡೆದು ಹಾಕಿ ಮತ್ತೆ ಬರೆದಿದ್ದರೆ ನಾಲ್ವರೂ ಕೈಯಾರೆ ಮಾಡಿದ್ದಾರೆ. ಇದಕ್ಕೆ ಫಿಸಿಕ್ಸ್ ಬರಬೇಕಾಗಿಲ್ಲ. 11 ಜನ ಇದ್ದೂ ಜರ್ನಲ್ ಎಲ್ಲ ಒಂದೇ ಥರ ಇದ್ದರೆ ಕ್ಲಾಸು ಸಣ್ಣದಾಗಿದ್ದರಿಂದ ನಿಮಗೆ ಏನೂ ಲಾಭ ಇಲ್ಲ.

ಆಮೇಲೆ ಲೈಬ್ರರಿ. ಫಿಸಿಕ್ಸ್ ಕಪಾಟಿನಿಂದ ಎರಡು ಪುಸ್ತಕ ತೆಗೆದು, ತಾರೀಖಿನ ಚೀಟಿ ಅಂಟಿಸಿರುತ್ತಾರಲ್ಲ, ಅದನ್ನು ನೋಡಿ. ಕೊನೇ ಮುದ್ರೆ ಯಾವ ವರ್ಷದ್ದು? ಕೆಲವು ಕಡೆ ಈಗ ಕಂಪ್ಯೂಟರ್ ಆಗಿದೆ, ಅಲ್ಲಿ ಲೈಬ್ರೇರಿಯನ್ ಅವರನ್ನೇ ಕೇಳಿ.

ಮೂರನೆಯದು ಕೇಳೋಕೆ ಸ್ವಲ್ಪ ಸಂಕೋಚ ಆಗುತ್ತೆ, ಆದರೆ ಕೇಳಲೇಬೇಕು. ಫಿಸಿಕ್ಸ್, ಗಣಿತ, ಕೆಮಿಸ್ಟ್ರಿಗೆ ಕಾಯಂ ಲೆಕ್ಚರರ್ ಎಷ್ಟು ಜನ, ಯಾರಿಗೆ ಯಾವ ವರ್ಷ ನಿವೃತ್ತಿ? 2024-25ರಿಂದ ನಮ್ಮಲ್ಲಿ ಪದವಿ ಮತ್ತೆ 3 ವರ್ಷಕ್ಕೆ ಬಂದಿದೆ, ಮೂರು ವಿಷಯಗಳನ್ನೂ ಸಮನಾಗಿ ಓದಬೇಕು. ಹಾಗಾಗಿ ಮೂರೂ ವಿಭಾಗ ಮೂರೂ ವರ್ಷ ಗಟ್ಟಿ ಇರಬೇಕು. ಕಾಲೇಜು ನ್ಯಾಕ್ (ಕಾಲೇಜುಗಳ ಗುಣಮಟ್ಟ ನೋಡಿ ಗ್ರೇಡ್ ಕೊಡುವ ಸಂಸ್ಥೆ) ಮಾಡಿಸಿದ್ದರೆ ಅದರ ಸ್ವಯಂ ಅಧ್ಯಯನ ವರದಿ ವೆಬ್‌ಸೈಟಿನಲ್ಲಿ ಇರುತ್ತೆ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು ಅಂತ ಅದರಲ್ಲಿ ಕೊಟ್ಟಿರುತ್ತಾರೆ. ಗ್ರೇಡ್ ನೋಡಿ ಸುಮ್ನಾಗಬೇಡಿ, ಆ ಪುಟ ಹುಡುಕಿ.

ಪಿಜಿ ರೂಮು

ನಾನು ಈಗ ಎಂಎಸ್ಸಿ ಫಿಸಿಕ್ಸ್ ಎರಡನೇ ವರ್ಷ. ಜ್ಯಾಮ್ ಬರೆದು ಬಂದಿದ್ದು. ತಂಗಿಗೆ ಒಂದೆರಡು ಮಾತು.

ಜ್ಯಾಮ್ ಅಂದ್ರೆ ಐಐಟಿಗಳಲ್ಲಿ ಎಂಎಸ್ಸಿಗೆ, ಐಐಎಸ್ಸಿಯಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ (ಬಿಎಸ್ಸಿ ಆದ ಮೇಲೆ ನೇರ ಸೇರುವಂಥದ್ದು) ನಡೆಯುವ ಪ್ರವೇಶ ಪರೀಕ್ಷೆ. 3 ಗಂಟೆ, 60 ಪ್ರಶ್ನೆ, 100 ಅಂಕ. ಅಲ್ಲಿ ಕಾಲೇಜಿನ ಹೆಸರು ಯಾರೂ ಕೇಳಲ್ಲ. ನಾನೂ ತಾಲ್ಲೂಕಿನ ಕಾಲೇಜಿನವನೇ. ಆದರೆ ಕಾಲೇಜಿನ ಪರೀಕ್ಷೆಗೆ ಓದಿದ ಹಾಗೆ ಓದಿದರೆ ಜ್ಯಾಮ್ ಆಗಲ್ಲ. ಲೆಕ್ಕ ಬಿಡಿಸಿ ಬಿಡಿಸಿ ಕೈ ಪಳಗಬೇಕು, ಅದನ್ನು ಮೊದಲ ವರ್ಷದಿಂದಲೇ ಶುರು ಮಾಡಬೇಕು. ಎನ್‌ಪಿಟಿಇಎಲ್ ಅಂತ ಐಐಟಿ, ಐಐಎಸ್ಸಿಯವರ ಆನ್‌ಲೈನ್ ವಿಡಿಯೋ ಪಾಠಗಳು ಪುಕ್ಕಟೆ ಇವೆ. ನೆಟ್‌ವರ್ಕ್ ಸಿಗುವ ಕಡೆ ಕೂತು ಡೌನ್‌ಲೋಡ್ ಮಾಡಿ ಇಟ್ಟುಕೊಂಡರೆ ಆಯ್ತು.

ನನಗೆ ಬೇಸರ ಇರೋದು ಒಂದೇ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ವಿಜ್ಞಾನಿಗಳ ಹತ್ತಿರ ಕೆಲಸ ಮಾಡೋಕೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಫೆಲೋಶಿಪ್ ಕೊಡ್ತಾರೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಅದರಲ್ಲಿ ಒಂದು. ಬಿಎಸ್ಸಿ ಮಕ್ಕಳೂ ಅರ್ಜಿ ಹಾಕಬಹುದು. ಇದು ನನಗೆ ಗೊತ್ತಾಗಿದ್ದು ಎಂಎಸ್ಸಿಗೆ ಬಂದ ಮೇಲೆ! ನಮ್ಮ ಕಾಲೇಜಿನಲ್ಲಿ ಯಾರೂ ಹೇಳಲಿಲ್ಲ, ಬಹುಶಃ ಅವರಿಗೂ ಗೊತ್ತಿರಲಿಲ್ಲ. ಸಣ್ಣ ಕಾಲೇಜಿನ ನಿಜವಾದ ಕೊರತೆ ಇದೇ. ಪಾಠ ಕಡಿಮೆ ಆಗಲ್ಲ, ಸುದ್ದಿ ಬರಲ್ಲ. ತಂಗಿ ಅಲ್ಲಿ ಸೇರಿದರೆ ಈ ಸುದ್ದಿಗಳನ್ನು ಅವಳೇ ಹುಡುಕಬೇಕು. ನನಗೆ ಮೆಸೇಜ್ ಹಾಕಿ, ಗೊತ್ತಿದ್ದಷ್ಟು ನಾನು ಹೇಳ್ತೀನಿ.

ಜಯನಗರ 4ನೇ ಬ್ಲಾಕ್

ನಾನು ಬೆಂಗಳೂರಿನ ತಂದೆ. ಮಗ ಇಲ್ಲೇ ದೊಡ್ಡ ಕಾಲೇಜಿನಲ್ಲಿ ಬಿಎಸ್ಸಿ ಮಾಡಿದ. ಮೊದಲ ವರ್ಷ ಅವನಿಗೆ ಡೆಂಗಿ ಬಂದು, ಆಮೇಲೆ ಮನಸ್ಸಿಗೂ ಏನೋ ಬೇಜಾರಾಗಿ, ಮೂರು ವಾರ ಕಾಲೇಜಿಗೆ ಹೋಗಲಿಲ್ಲ. ಕಾಲೇಜಿನಿಂದ ಒಂದು ಫೋನ್ ಬರಲಿಲ್ಲ. ಹಾಜರಾತಿ ಕಡಿಮೆ ಅಂತ ಸೆಮಿಸ್ಟರ್ ಕೊನೆಯಲ್ಲಿ ಮೆಸೇಜ್ ಬಂತು, ಅಷ್ಟೇ. ನಾವು ಮನೆಯಲ್ಲೇ ಇದ್ದೆವು, ನೋಡಿಕೊಂಡೆವು. ಪಿಜಿಯಲ್ಲಿ ಒಂಟಿಯಾಗಿರುವ ಮಗುವಾಗಿದ್ದರೆ? ಈಗಲೂ ಎದೆ ಧಸಕ್ ಅನ್ನುತ್ತೆ.

ಆದರೆ ಬೆಂಗಳೂರು ಅವನಿಗೆ ಕೊಟ್ಟಿದ್ದೂ ದೊಡ್ಡದೇ. ಹೈಗ್ರೌಂಡ್ಸ್ ಹತ್ತಿರ ಜವಾಹರಲಾಲ್ ನೆಹರು ತಾರಾಲಯ ಇದೆಯಲ್ಲ, ಅಲ್ಲಿ ಬಿಎಸ್ಸಿ ಮಕ್ಕಳಿಗೆ ರೀಪ್ ಅಂತ ಫಿಸಿಕ್ಸ್ ತರಗತಿ ಮಾಡ್ತಾರೆ. ಅಲ್ಲಿ ಸೇರಿದ ಮೇಲೆ ಅವನ ಮುಖದ ಕಳೆಯೇ ಬದಲಾಯಿತು. ಅದೇ ತಾರಾಲಯದಲ್ಲಿ ಐಸಿಟಿಎಸ್ ಅನ್ನೋ ಬೆಂಗಳೂರಿನ ಸಂಶೋಧನಾ ಸಂಸ್ಥೆಯವರು 'ಕಾಪಿ ವಿತ್ ಕ್ಯೂರಿಯಾಸಿಟಿ' ಅಂತ ಉಪನ್ಯಾಸ ಇಡ್ತಾರೆ, ಅದಕ್ಕೂ ಹೋಗ್ತಿದ್ದ. ಐಐಎಸ್ಸಿ ಓಪನ್ ಡೇಗೆ ಒಂದು ವರ್ಷವೂ ತಪ್ಪಿಸಿಲ್ಲ. ಇದ್ಯಾವುದೂ ಅವನ ಕಾಲೇಜು ಕೊಟ್ಟಿದ್ದಲ್ಲ, ಊರು ಕೊಟ್ಟಿದ್ದು. ನೀವು 2 ಲಕ್ಷ ಖರ್ಚು ಮಾಡುವುದಾದರೆ ಕಾಲೇಜಿನ ಹೆಸರಿಗೆ ಅಂತ ಮಾಡಬೇಡಿ. ಮಗಳು ಭಾನುವಾರ ಬಸ್ ಹತ್ತಿ ಇಂಥ ಕಡೆ ತಾನೇ ಹೋಗುವವಳಾದರೆ ಆ ದುಡ್ಡು ಸಾರ್ಥಕ. ಕಾಲೇಜು, ಪಿಜಿ, ಕಾಲೇಜು, ಪಿಜಿ ಅಂತ ಇರುವವಳಾದರೆ ಬೇಡ ಅನ್ನಿಸುತ್ತೆ.

ಲ್ಯಾಬ್ ಮೇಡಂ

ಇದು ಬಹಳ ಸರಿಯಾದ ಮಾತು.

ಮಗಳಿಗೆ ಟೀಚರ್ ಆಗುವ ಆಸೆ ಏನಾದರೂ ಇದ್ದರೆ ಮೈಸೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್ ಕೂಡ ನೋಡಬಹುದಿತ್ತು. 1963ರದ್ದು, ಎನ್‌ಸಿಇಆರ್‌ಟಿಯದ್ದು, ಕ್ಯಾಂಪಸ್ಸಿನಲ್ಲೇ ಶಾಲೆ ಇದೆ, ಬಿಎಸ್ಸಿ ಬಿಎಡ್ ಒಟ್ಟಿಗೆ ಆಗುತ್ತೆ. ಪ್ರವೇಶ ಪರೀಕ್ಷೆ ಬೇರೆ ಇರುತ್ತೆ. ಮುಂದಿನ ವರ್ಷದವರು ಯಾರಾದರೂ ಓದುತ್ತಿದ್ದರೆ ಇರಲಿ ಅಂತ ಬರೆದೆ.

ತೋಟದ ಮನೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಗುರುವಾರ ನಾನೂ ಮಗಳೂ ಕಾಲೇಜಿಗೆ ಹೋಗಿ ಬಂದೆವು. ನಡೆದದ್ದನ್ನು ಬರೆಯುತ್ತೇನೆ.

ಜರ್ನಲ್ ತೋರಿಸಿ ಅಂದಾಗ ಫಿಸಿಕ್ಸ್ ಸರ್ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಬೀರು ತೆಗೆದು ಒಂದು ಕಟ್ಟು ಮೇಜಿನ ಮೇಲೆ ಇಟ್ಟರು. ಮೇಡಂ ಹೇಳಿದ ಹಾಗೆ ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಅಂಕಿ ಬೇರೆ ಬೇರೆ. ಒಂದರಲ್ಲಂತೂ ಅರ್ಧ ಪುಟ ಹೊಡೆದು ಹಾಕಿ, ಪಕ್ಕದಲ್ಲಿ ಸರ್ ಕೆಂಪು ಪೆನ್ನಿನಲ್ಲಿ 'ಮತ್ತೆ ಮಾಡು' ಅಂತ ಬರೆದಿದ್ದರು, ಕೆಳಗೆ ಬೇರೆ ತಾರೀಖು ಹಾಕಿ ಆ ಹುಡುಗ ಮತ್ತೆ ಮಾಡಿದ್ದ. ಮಗಳು ಆ ಪುಟವನ್ನು ತುಂಬಾ ಹೊತ್ತು ನೋಡ್ತಾ ನಿಂತಳು.

ಲೈಬ್ರರಿ ಅಷ್ಟಕ್ಕಷ್ಟೇ. ಒಂದು ಪುಸ್ತಕದಲ್ಲಿ ಕೊನೇ ಮುದ್ರೆ 2017ರದ್ದು.

ನಿವೃತ್ತಿ ವಿಷಯ ಕೇಳೋಕೆ ನನಗೆ ಬಾಯೇ ಬರಲಿಲ್ಲ. ಮಗಳೇ ಕೇಳಿದಳು. ಸರ್ ಸುತ್ತಿಬಳಸಿ ಹೇಳಲಿಲ್ಲ. "ನನಗೆ ಇನ್ನು ಎರಡು ವರ್ಷ ತಂಗಿ. ನೀನು ಮೂರನೇ ವರ್ಷಕ್ಕೆ ಬಂದಾಗ ನಾನು ಇರೋದಿಲ್ಲ. ಗಣಿತದವರು ಇರ್ತಾರೆ, ಅವರು ಇನ್ನೂ ಚಿಕ್ಕವರು. ಕೆಮಿಸ್ಟ್ರಿಗೆ ಈಗಲೇ ಕಾಯಂ ಇಲ್ಲ, ಆಡಳಿತ ಮಂಡಳಿಯವರು ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಂಡಿದ್ದಾರೆ, ಅವರು ಚೆನ್ನಾಗಿ ಮಾಡ್ತಾರೆ. ನನ್ನ ಜಾಗಕ್ಕೆ ಯಾರು ಬರ್ತಾರೆ ಅಂತ ನಾನು ಹೇಳೋಕೆ ಆಗಲ್ಲ" ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಅವಳು ಹೇಳಿದ್ದು ಇಷ್ಟು: ಆಯಿ, ಸುಳ್ಳು ಹೇಳಿದ್ದರೆ ನನಗೆ ಗೊತ್ತಾಗ್ತಿರಲಿಲ್ಲ, ಅವರು ಹೇಳಲಿಲ್ಲ.

ಅವಳಿಗೆ ಅಲ್ಲೇ ಸೇರುವ ಮನಸ್ಸು. ನನಗೆ ಮೂರನೇ ವರ್ಷದ್ದೇ ಚಿಂತೆ. ಮಳೆಗಾಲ ಅವರು ಏನು ಹೇಳ್ತೀರಿ?

ಮಳೆಗಾಲ

ಅಕ್ಕ, ಓದಿ ಕಣ್ಣು ತುಂಬಿ ಬಂತು. ನನಗೆ ಯಾರೂ ಹೀಗೆ ಮೊದಲೇ ಹೇಳಿದ್ದಿಲ್ಲ. ಗೊತ್ತಿದ್ದರೆ ನಾನು ಎರಡನೇ ವರ್ಷದ ಗಣಿತವನ್ನು ಮೊದಲ ವರ್ಷದ ರಜೆಯಲ್ಲೇ ಶುರು ಮಾಡ್ತಿದ್ದೆ.

ಹೀಗೆ ಮಾಡಬಹುದಾ ನೋಡಿ. ಸರ್ ಇರುವ ಎರಡು ವರ್ಷದಲ್ಲಿ ಪ್ರಾಕ್ಟಿಕಲ್ ಪೂರ್ತಿ ಅವರ ಕೈಕೆಳಗೆ ಗಟ್ಟಿ ಮಾಡಿಕೊಳ್ಳಲಿ. ಥಿಯರಿಯನ್ನು ಮೂರನೇ ವರ್ಷ ಆನ್‌ಲೈನಿನಲ್ಲಿ ಹೇಗೋ ತುಂಬಿಕೊಳ್ಳಬಹುದು, ಲ್ಯಾಬನ್ನು ಹಾಗೆ ತುಂಬಿಕೊಳ್ಳೋಕೆ ಆಗಲ್ಲ. ಇನ್ನೊಂದು, ಕ್ಲಾಸಿನಲ್ಲಿ ಹುಡುಗಿಯರು ಎಷ್ಟು ಜನ ಅಂತ ಕೇಳಿದಿರಾ?

ತೋಟದ ಮನೆ

ಕೇಳಿದೆವು. 11ರಲ್ಲಿ 8 ಹುಡುಗಿಯರೇ. ಶಕ್ತಿ ಯೋಜನೆ ಬಂದ ಮೇಲೆ ದೂರದಿಂದ ಬರುವವರು ಜಾಸ್ತಿ ಆಗಿದ್ದಾರೆ ಅಂದರು ಆಫೀಸಿನವರು.

ಮಾಳಮಡ್ಡಿ

ಅಕ್ಕಾರೆ, ಒಂದು ಪ್ರಶ್ನೆ. ನಿಮ್ಮ ಊರಿಗೆ ಕಡೇ ಬಸ್ಸು ಎಷ್ಟು ಗಂಟೆಗೆ? ನನಗೆ ಆ ಗೆರೆ ಸಿಕ್ಕಿದ್ದು ಆರೂವರೆಗೆ. ನಾನು ಅದೇ ಊರಿನವನಾಗಿದ್ದೆ, ನಡೆದು ಮನೆಗೆ ಹೋದೆ. ಐದಕ್ಕೆ ಬಸ್ಸು ಹಿಡಿಯಬೇಕಾದ ಗೆಳೆಯರು ಅರ್ಧಕ್ಕೇ ಬಿಟ್ಟು ಓಡುತ್ತಿದ್ದರು. ಸಣ್ಣ ಕಾಲೇಜಿನ ಲಾಭ ಇರೋದೇ ಬೆಲ್ ಹೊಡೆದ ಮೇಲೆ.

ತೋಟದ ಮನೆ

ಇದು ನಮಗೆ ಹೊಳೆದೇ ಇರಲಿಲ್ಲ ನೋಡಿ! ಕಡೇ ಬಸ್ಸು 5:40ಕ್ಕೆ. ಮಳೆಗಾಲದಲ್ಲಿ ಅದೂ ಕೆಲವು ದಿನ ಬರಲ್ಲ.

ನಿನ್ನೆ ರಾತ್ರಿ ಇವರು ಪೇಟೆಯಲ್ಲಿರುವ ತಂಗಿಗೆ ಫೋನ್ ಮಾಡಿದರು. ಪ್ರಾಕ್ಟಿಕಲ್ ಇರೋದು ಮಂಗಳವಾರ ಮತ್ತು ಶುಕ್ರವಾರ. ಆ ಎರಡು ದಿನ ಅತ್ತೆ ಮನೆಯಲ್ಲೇ ಉಳಿಯುವುದು ಅಂತ ಮಾತಾಗಿದೆ. ಕಾಲೇಜಿನಿಂದ ನಡೆದು ಹತ್ತು ನಿಮಿಷ. ಸೋಮವಾರ ಅಡ್ಮಿಷನ್ ಮಾಡಿಸುತ್ತೇವೆ. ಪಿಜಿ ರೂಮು ತಮ್ಮ, ಮಗಳು ನಿಮಗೆ ಮೆಸೇಜ್ ಹಾಕಿದ್ದಾಳಂತೆ, ಆ ಬೇಸಿಗೆ ಫೆಲೋಶಿಪ್ಪಿನ ವಿಷಯ ಕೇಳೋಕೆ. ಬಿಡುವಾದಾಗ ಉತ್ತರ ಕೊಡಿ.